ಗುರುವಿನ ಕೆಂಪು ಚುಕ್ಕೆ: ಮೂರು ಭೂಮಿಯಿಂದ ಒಂದೂಕಾಲು ಭೂಮಿಗೆ



"ಗುರುಗ್ರಹದ ಕೆಂಪು ಚುಕ್ಕೆಯಲ್ಲಿ ಮೂರು ಭೂಮಿಗಳನ್ನು ಸಾಲಾಗಿ ಇಡಬಹುದು" ಎಂದು ನಾನು ವರ್ಷಗಟ್ಟಲೆ ತರಗತಿಯಲ್ಲಿ ಹೇಳುತ್ತಾ ಬಂದೆ. ನನಗೆ ನನ್ನ ಗುರುಗಳು ಹೇಳಿದ್ದೂ ಅದನ್ನೇ. ಒಂದು ದಿನ ಹಬಲ್ ದೂರದರ್ಶಕ 2014ರಲ್ಲಿ ತೆಗೆದ ಚಿತ್ರವನ್ನು ಗೋಡೆಗೆ ಅಂಟಿಸಿದ್ದೆ. ಒಬ್ಬ ಹುಡುಗಿ ಸ್ಕೇಲ್ ಹಿಡಿದು ಅಳೆದು, "ಸರ್, ಇದರಾಗ ಮೂರು ಭೂಮಿ ಹಿಡಿಯಂಗಿಲ್ರಿ" ಅಂದಳು.

ಲೆಕ್ಕ ಮಾಡಿದೆವು. ಚಿತ್ರದಲ್ಲಿ ಗುರುವಿನ ಅಗಲ 20 ಸೆಂ.ಮೀ., ಚುಕ್ಕೆಯ ಉದ್ದ 2.3 ಸೆಂ.ಮೀ. ಗುರುವಿನ ವ್ಯಾಸ ಸುಮಾರು 1,43,000 ಕಿ.ಮೀ. ಅಂದರೆ ಚುಕ್ಕೆ ಸುಮಾರು 16,500 ಕಿ.ಮೀ. ಭೂಮಿಯ ವ್ಯಾಸ 12,700 ಕಿ.ಮೀ. ಮೂರೆಲ್ಲಿ ಬಂತು? ಒಂದೂಕಾಲು ಭೂಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ! ಹುಡುಗಿಯ ಮಾತು ಸರಿ. ಹಾಗಾದರೆ ನನ್ನ ಗುರುಗಳು ಹೇಳಿದ್ದು ಸುಳ್ಳೇ? ಅದೂ ಅಲ್ಲ. ಇದನ್ನು ತಿಳಿಯಬೇಕಾದರೆ ಸ್ವಲ್ಪ ಇತಿಹಾಸ ನೋಡಬೇಕು.

1665ರಲ್ಲಿ ಇಟಲಿಯಲ್ಲಿದ್ದ ಖಗೋಳಶಾಸ್ತ್ರಜ್ಞ ಕ್ಯಾಸಿನಿ ಗುರುವಿನ ಮೇಲೆ ಒಂದು ಕಪ್ಪು ಚುಕ್ಕೆಯನ್ನು ಕಂಡನು. ಅದು ಸುತ್ತಿ ಬರುವುದನ್ನು ಗಮನಿಸಿ, ಗುರು ತನ್ನ ಸುತ್ತ ಒಂದು ಸುತ್ತು ತಿರುಗಲು 9 ಗಂಟೆ 56 ನಿಮಿಷ ಬೇಕೆಂದು ಹೇಳಿದನು. ಮಾಯವಾದರೂ ಮತ್ತೆ ಮತ್ತೆ ಅದೇ ಜಾಗದಲ್ಲಿ ಕಾಣುತ್ತಿದ್ದುದರಿಂದ ಅದಕ್ಕೆ 'ಶಾಶ್ವತ ಚುಕ್ಕೆ' ಎಂಬ ಹೆಸರು ಬಂತು. ಆದರೆ 1713ರ ನಂತರ ಅದನ್ನು ಕಂಡವರ ದಾಖಲೆ ಇಲ್ಲ. ನೂರಕ್ಕೂ ಹೆಚ್ಚು ವರ್ಷ ಬರೀ ಮೌನ!

1831ರಲ್ಲಿ ಜರ್ಮನಿಯ ಶ್ವಾಬೆ ಬರೆದ ಚಿತ್ರದಲ್ಲಿ ಅದೇ ಅಕ್ಷಾಂಶದ ಬಳಿ ಒಂದು ಪೊಳ್ಳು ಕಾಣಿಸಿತು. ಈತ ಮೊದಲು ಔಷಧ ಅಂಗಡಿ ನಡೆಸುತ್ತಿದ್ದವನು. ಸೂರ್ಯನ ಕಲೆಗಳು ಹೆಚ್ಚು ಕಡಿಮೆಯಾಗುವ ಚಕ್ರವನ್ನು ಕಂಡುಹಿಡಿದವನೂ ಈತನೇ. ಮುಂದೆ 1878-79ರಲ್ಲಿ ಚುಕ್ಕೆ ಗಾಢ ಕೆಂಪಾಗಿ ಎಲ್ಲರ ಕಣ್ಣಿಗೂ ಬಿತ್ತು. ಆಗ ಅದರ ಉದ್ದ ಸುಮಾರು 40,000 ಕಿ.ಮೀ. ನಮ್ಮ ಪುಸ್ತಕಗಳ 'ಮೂರು ಭೂಮಿ' ಆ ಕಾಲದ್ದು.

ಆಮೇಲೆ ಅದು ಇಳಿಯುತ್ತಲೇ ಬಂತು. 1979ರಲ್ಲಿ ವಾಯೇಜರ್ ನೌಕೆಗಳು ಹತ್ತಿರ ಹೋದಾಗ 23,300 ಕಿ.ಮೀ. ಹಬಲ್ ಅಳೆದಾಗ 1995ರಲ್ಲಿ ಸುಮಾರು 21,000, 2009ರಲ್ಲಿ ಸುಮಾರು 17,900, 2014ರಲ್ಲಿ 16,500. ಉದ್ದನೆಯ ಮೊಟ್ಟೆಯಂತಿದ್ದದ್ದು ದುಂಡಗಾಗುತ್ತಾ ಬಂತು.

ಇದು ಬಿರುಗಾಳಿಯೇ, ಆದರೆ ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತದಂಥದಲ್ಲ. ನಮ್ಮದರ ನಡುವೆ ಕಡಿಮೆ ಒತ್ತಡ, ಅಲ್ಲಿ ಹೆಚ್ಚು ಒತ್ತಡ. ನಮ್ಮ ಚಂಡಮಾರುತ ನೆಲಕ್ಕೆ ಬಂದರೆ ಬಲ ಕಳೆದುಕೊಳ್ಳುತ್ತದೆ. ಗುರುವಿನಲ್ಲಿ ಬಂದು ಬಡಿಯಲು ಗಟ್ಟಿ ನೆಲವೇ ಇಲ್ಲ. ಅದಕ್ಕೇ ಇಷ್ಟು ಆಯುಸ್ಸು. ದಾರಿಯಲ್ಲಿ ಸಿಕ್ಕ ಸಣ್ಣ ಸುಳಿಗಳನ್ನು ನುಂಗಿಯೂ ಅದು ಬಲ ಪಡೆಯುತ್ತದೆ. ಅಂಥ ಆಹಾರ ಕಡಿಮೆಯಾದದ್ದೇ ಕುಗ್ಗಲು ಕಾರಣವಿರಬಹುದೆಂದು 2024ರ ಒಂದು ಅಧ್ಯಯನ ಹೇಳುತ್ತದೆ.

ಕುಗ್ಗಿದರೆ ಸೋತಿತೆಂದೂ ತಿಳಿಯಬೇಡಿ. ಹಿಟ್ಟಿನ ಉಂಡೆಯನ್ನು ಸುತ್ತಲಿಂದ ಒತ್ತಿದರೆ ಮೇಲೇಳುತ್ತದಲ್ಲ, ಹಾಗೆ ಚುಕ್ಕೆಯ ಎತ್ತರ ಹೆಚ್ಚಿದೆ ಎಂದು 2018ರಲ್ಲಿ ಪ್ರಕಟವಾಯಿತು. 2009ರಿಂದ 2020ರ ಒಳಗೆ ಅದರ ಅಂಚಿನ ಗಾಳಿಯ ವೇಗ ಶೇ. 8ರಷ್ಟು ಏರಿತ್ತು. ಜೂನೋ ನೌಕೆಯ ಅಳತೆಯಿಂದ ಅದರ ಬೇರು ಮೋಡಗಳ ಕೆಳಗೆ ನೂರಾರು ಕಿ.ಮೀ. ಇಳಿದಿರುವುದೂ 2021ರಲ್ಲಿ ಗೊತ್ತಾಯಿತು.

2012ರಿಂದ ಚುಕ್ಕೆ ವರ್ಷಕ್ಕೆ ಸುಮಾರು 900 ಕಿ.ಮೀ.ಯಂತೆ ಕುಗ್ಗುತ್ತಿದೆ ಎಂದು 2014ರಲ್ಲಿ ವರದಿಯಾಗಿತ್ತು. ತ್ರೈರಾಶಿ ಹಾಕಿದರೆ 2032ರ ಹೊತ್ತಿಗೆ ಚುಕ್ಕೆ ಇಲ್ಲ! ಆದರೆ ಇಳಿಕೆ ಅದೇ ವೇಗದಲ್ಲಿ ಸಾಗಲಿಲ್ಲ. ಗಾಳಿಗೆ ನಮ್ಮ ತ್ರೈರಾಶಿ ಗೊತ್ತಿಲ್ಲ.

ಇನ್ನು ಕ್ಯಾಸಿನಿ ಕಂಡದ್ದು ಇದನ್ನೇ? ಸ್ಪೇನಿನ ವಿಜ್ಞಾನಿಗಳು ಹಳೆಯ ಚಿತ್ರಗಳನ್ನೆಲ್ಲ ಅಳೆದು, ಬಹುಶಃ ಅಲ್ಲ ಎಂದು 2024ರಲ್ಲಿ ಹೇಳಿದರು. ಕ್ಯಾಸಿನಿಯ ಚುಕ್ಕೆ ತೀರಾ ಚಿಕ್ಕದು. ಅದು ಅಳಿದುಹೋಗಿ, ಇದು ಬೇರೆಯಾಗಿ ಹುಟ್ಟಿರಬೇಕು. ಹಾಗಾದರೆ 'ಶಾಶ್ವತ' ಎಂದು ಹೆಸರಿಟ್ಟದ್ದೇ ಶಾಶ್ವತವಾಗಿ ಉಳಿಯಲಿಲ್ಲ. ಈಗಿನದರ ವಯಸ್ಸು 1831ರಿಂದ ಎಣಿಸಿದರೆ 190 ವರ್ಷಕ್ಕೂ ಮೇಲೆ.

ಇಷ್ಟೆಲ್ಲ ತಿಳಿದದ್ದು ಹೇಗೆ? ಯಾರೋ ಒಬ್ಬರು ರಾತ್ರಿ ನಿದ್ದೆಗೆಟ್ಟು ನೋಡಿ, ಚಿತ್ರ ಬರೆದು, ಕೆಳಗೆ ತಾರೀಕು ಹಾಕಿದ್ದರಿಂದ. ತಾರೀಕಿಲ್ಲದ ಚಿತ್ರದಿಂದ ಏನು ಕುಗ್ಗಿತು, ಏನು ಬೆಳೆಯಿತು ಹೇಳಲಾಗದು. ನನ್ನ ಗುರುಗಳ ಅಂಕಿ ಸುಳ್ಳಾಗಿರಲಿಲ್ಲ, ಅದರ ಪಕ್ಕದಲ್ಲಿ ಇಸವಿ ಇರಲಿಲ್ಲ. ಆ ಹುಡುಗಿ ಅಳೆದ ಹಾಳೆಯನ್ನು ತರಗತಿಯ ಗೋಡೆಗೆ ಅಂಟಿಸಿದೆವು. ಕೆಳಗೆ ಅವಳಿಂದಲೇ ಬರೆಸಿದೆ: "ಚಿತ್ರ ತೆಗೆದ ವರ್ಷ 2014".