ಕಿವಿ ಕೇಳದ ಮಕ್ಕಳಿಗೆ ಕಿವುಡನೇ ಗುರು

‘ಕಿವುಡನ ಮುಂದೆ ಶಂಖ ಊದಿದಂತೆ’ ಎಂಬ ಮಾತು ನಮ್ಮಲ್ಲಿದೆ. ಕೇಳಿಸದವನಿಗೆ ಹೇಳಿ ಫಲವೇನು ಎಂಬುದು ಅದರ ಭಾವ. ಕ್ರೈಸ್ತ ಧರ್ಮವನ್ನೂ ಇಂಥದೇ ಒಂದು ಪ್ರಶ್ನೆ ಶತಮಾನಗಳ ಕಾಲ ಕಾಡಿತ್ತು. ನಂಬಿಕೆ ಹುಟ್ಟುವುದು ಕೇಳುವುದರಿಂದ ಎಂಬ ಅರ್ಥದ ಮಾತು ಸಂತ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿದೆ. ಹಾಗಾದರೆ ಹುಟ್ಟು ಕಿವುಡರ ಗತಿಯೇನು?

18ನೆಯ ಶತಮಾನದಲ್ಲಿ ಪ್ಯಾರಿಸಿನ ಪಾದ್ರಿ ಅಬೆ ದ ಲೆಪೆ ಇದಕ್ಕೊಂದು ದಾರಿ ಕಂಡುಕೊಂಡರು. ಕಿವುಡರು ತಮ್ಮತಮ್ಮಲ್ಲಿ ಬಳಸುತ್ತಿದ್ದ ಕೈಸನ್ನೆಗಳನ್ನು ತಾವೇ ಕಲಿತು, ಅವುಗಳ ಮೂಲಕ ಅಕ್ಷರವನ್ನೂ ಧರ್ಮವನ್ನೂ ಕಲಿಸುವ ಉಚಿತ ಶಾಲೆ ತೆರೆದರು. ಆ ಪರಂಪರೆಯಲ್ಲಿ ಬೆಳೆದ ಕಿವುಡ ಶಿಕ್ಷಕ ಲೋರಾಂ ಕ್ಲೆರ್ ಅವರನ್ನು ಥಾಮಸ್ ಗ್ಯಾಲೊಡೆಟ್ ಎಂಬ ಪಾದ್ರಿ ಅಮೆರಿಕಕ್ಕೆ ಕರೆದೊಯ್ದರು. 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ಆರಂಭವಾಯಿತು. ಆದರೆ 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಕಿವುಡರಿಗೆ ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತು. ಸನ್ನೆ ಭಾಷೆ ಅನೇಕ ದೇಶಗಳ ತರಗತಿಗಳಿಂದ ಹೊರಬಿತ್ತು. ಅದರೊಂದಿಗೆ ಕಿವುಡ ಶಿಕ್ಷಕರೂ ಹೊರಬಿದ್ದರು.

ಈ ಹಿನ್ನೆಲೆಯಲ್ಲಿ ನೋಡಿದಾಗ ಆಂಡ್ರ್ಯೂ ಫಾಸ್ಟರ್ ಅವರ ಸಾಹಸದ ಬೆಲೆ ತಿಳಿಯುತ್ತದೆ. 1925ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗಣಿ ಕಾರ್ಮಿಕನ ಮಗನಾಗಿ ಹುಟ್ಟಿದ ಅವರು ಹನ್ನೊಂದನೆಯ ವಯಸ್ಸಿನಲ್ಲಿ ಮಿದುಳುಪೊರೆಯ ಉರಿಯೂತಕ್ಕೆ ತುತ್ತಾಗಿ ಕಿವಿ ಕಳೆದುಕೊಂಡರು. ಅದು ವರ್ಣಭೇದದ ಕಾಲ. ಕಿವುಡ ಮಕ್ಕಳ ಶಾಲೆಯಲ್ಲೂ ಕರಿಯರಿಗೆ ಬೇರೆ, ಬಿಳಿಯರಿಗೆ ಬೇರೆ. ಕಿವುಡರ ಉನ್ನತ ಶಿಕ್ಷಣಕ್ಕೆ ಹೆಸರಾದ ವಾಷಿಂಗ್ಟನ್ನಿನ ಗ್ಯಾಲೊಡೆಟ್ ಕಾಲೇಜಿನಿಂದ 1954ರಲ್ಲಿ ಫಾಸ್ಟರ್ ಪದವಿ ಪಡೆದರು. ಅಲ್ಲಿ ಪದವಿ ಪಡೆದ ಮೊದಲ ಕರಿಯ ವಿದ್ಯಾರ್ಥಿ ಎಂದೇ ಅವರನ್ನು ಗುರುತಿಸಲಾಗುತ್ತದೆ.

1956ರಲ್ಲಿ ಆಫ್ರಿಕದ ಕಿವುಡರಿಗಾಗಿ ಕ್ರೈಸ್ತ ಮಿಷನ್ ಒಂದನ್ನು ಸ್ಥಾಪಿಸಿ, ಮರುವರ್ಷವೇ ಅವರು ಘಾನಾದ ಅಕ್ರಾ ನಗರಕ್ಕೆ ಹೋದರು. ಘಾನಾ ಸ್ವತಂತ್ರವಾದ ವರ್ಷವೂ ಅದೇ. ಇಲ್ಲಿ ಕಿವುಡ ಮಕ್ಕಳು ಹೆಚ್ಚೇನಿಲ್ಲ ಎಂದು ಹೇಳಿದವರೂ ಇದ್ದರು. ಮಕ್ಕಳಿದ್ದರು, ಮನೆಯ ಮೂಲೆಯಲ್ಲಿದ್ದರು. ಚರ್ಚಿನ ಶಾಲೆಯೊಂದರ ಕೋಣೆಗಳಲ್ಲಿ, ಅಲ್ಲಿನ ಮಕ್ಕಳು ಮನೆಗೆ ಹೋದ ಮೇಲೆ, ಫಾಸ್ಟರ್ ಪಾಠ ಆರಂಭಿಸಿದರು. ಚಿಕ್ಕವರ ಜೊತೆಗೆ ಹರೆಯದವರೂ ಬಂದು ಕುಳಿತರು. ಮುಂದೆ ಆ ಶಾಲೆ ಮಾಂಪಾಂಗ್ ಎಂಬ ಊರಿನಲ್ಲಿ ವಸತಿ ಶಾಲೆಯಾಗಿ ನೆಲೆಯೂರಿತು. ಆಮೇಲೆ ನೈಜೀರಿಯಾ, ಅನಂತರ ಒಂದೊಂದೇ ದೇಶ. ವರ್ಷದ ಕೆಲವು ತಿಂಗಳು ಆಫ್ರಿಕದಲ್ಲಿ ದುಡಿಮೆ, ಉಳಿದ ದಿನ ಅಮೆರಿಕದಲ್ಲಿ ಹಣ ಸಂಗ್ರಹ. ಹೀಗೆ 13 ದೇಶಗಳಲ್ಲಿ 30ಕ್ಕೂ ಹೆಚ್ಚು ಶಾಲೆಗಳು ಹುಟ್ಟಿದವು. 1987ರ ಡಿಸೆಂಬರಿನಲ್ಲಿ ರುವಾಂಡಾದಲ್ಲಿ ನಡೆದ ವಿಮಾನ ಅಪಘಾತದಲ್ಲಿ ಫಾಸ್ಟರ್ ತೀರಿಕೊಂಡರು.

ಶಾಲೆಗಳ ಸಂಖ್ಯೆಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ಎದುರಿಗೆ ನಿಂತು ಕಲಿಸುತ್ತಿದ್ದವರೂ ತಮ್ಮಂತೆಯೇ ಕಿವುಡರು, ತಮ್ಮಂತೆಯೇ ಕರಿಯರು. ಓದಿ, ಊರೂರು ಸುತ್ತಿ, ಅಧಿಕಾರಿಗಳ ಜೊತೆ ವಾದಿಸಬಲ್ಲವರು. ದೊಡ್ಡವನಾದ ಕಿವುಡ ಹೇಗಿರಬಲ್ಲ ಎಂಬುದನ್ನು ಆ ಹುಡುಗ ಹುಡುಗಿಯರು ಪುಸ್ತಕದಲ್ಲಿ ಓದಬೇಕಾಗಲಿಲ್ಲ. ಕಲಿತ ಯುವಕರನ್ನೇ ಶಿಕ್ಷಕರನ್ನಾಗಿ ತರಬೇತುಗೊಳಿಸಿ ಬೇರೆ ದೇಶಗಳಿಗೆ ಕಳಿಸುವ ಪದ್ಧತಿಯನ್ನೂ ಫಾಸ್ಟರ್ ಬೆಳೆಸಿದರು.

ಆದರೆ ಈ ಕೊಡುಗೆಗೆ ಇನ್ನೊಂದು ಮುಖವೂ ಉಂಟು. ಫಾಸ್ಟರ್ ಜೊತೆಗೆ ತಂದದ್ದು ಅಮೆರಿಕದ ಸನ್ನೆ ಭಾಷೆ. ಘಾನಾ, ನೈಜೀರಿಯಾ ಮತ್ತು ಫ್ರೆಂಚ್ ಆಡಳಿತವಿದ್ದ ಅನೇಕ ದೇಶಗಳ ಕಿವುಡರು ಇಂದು ಆಡುವ ಭಾಷೆಗಳ ಬೇರು ಅಲ್ಲಿದೆ. ಮಾಂಪಾಂಗಿಗೆ ಹೆಚ್ಚು ದೂರವಲ್ಲದ ಅದಮೊರೊಬೆ ಎಂಬ ಹಳ್ಳಿಯಲ್ಲಿ ಕಿವುಡುತನ ವಂಶಪಾರಂಪರ್ಯವಾಗಿ ಬಂದಿದೆ. ಅಲ್ಲಿಯ ಜನ, ಕಿವಿ ಕೇಳುವವರೂ ಸೇರಿ, ತಲೆಮಾರುಗಳಿಂದ ತಮ್ಮದೇ ಸನ್ನೆ ಭಾಷೆಯನ್ನು ಆಡುತ್ತಾ ಬಂದವರು. ಆ ಹಳ್ಳಿಯ ಮಕ್ಕಳು ಮಾಂಪಾಂಗಿನ ಶಾಲೆಗೆ ಹೋಗಿ ಹೊಸ ಸನ್ನೆಗಳನ್ನು ಕಲಿತು ಬಂದಂತೆಲ್ಲ ಅಜ್ಜ ಅಜ್ಜಿಯರ ಸನ್ನೆಗಳು ಹಿಂದೆ ಸರಿಯುತ್ತಿವೆ ಎಂದು ಭಾಷಾಶಾಸ್ತ್ರಜ್ಞರು ಗಮನಿಸಿದ್ದಾರೆ. ಮಾತಿನ ಲೋಕದಲ್ಲಿ ಶಾಲೆಯ ಭಾಷೆಯೊಂದು ಊರಿನ ನುಡಿಯನ್ನು ನುಂಗುವ ಕಥೆ ನಮಗೆ ಹೊಸದಲ್ಲ. ಕೈಸನ್ನೆಯ ಲೋಕದಲ್ಲೂ ಅದೇ ನಡೆಯುತ್ತದೆ.

ಇದು ಫಾಸ್ಟರ್ ಅವರ ಸಾಧನೆಯನ್ನು ಕಿರಿದುಗೊಳಿಸುವ ಮಾತಲ್ಲ. ಭಾಷೆಯೇ ಇಲ್ಲದೆ ಮೂಲೆಯಲ್ಲಿ ಕುಳಿತ ಮಗುವಿಗೆ ಯಾವುದಾದರೊಂದು ಭಾಷೆ ಸಿಗುವುದೆಂದರೆ ಜಗತ್ತೇ ಸಿಕ್ಕಂತೆ. ಅವರು ಹೋದದ್ದು ದೇವರ ಮಾತನ್ನು ತಲುಪಿಸಲು. ಅದನ್ನು ತಲುಪಿಸುವ ಮೊದಲು ಆ ಮಕ್ಕಳ ಕೈಗೆ ಮಾತನ್ನೇ ಕೊಡಬೇಕಾಯಿತು. ಆ ಮಾತಿನಿಂದ ಅವರು ಪ್ರಾರ್ಥನೆಯನ್ನೂ ಮಾಡಿದರು, ಪ್ರಶ್ನೆಯನ್ನೂ ಕೇಳಿದರು, ತಾವೇ ಗುರುಗಳೂ ಆದರು.