ಬಂದವರ ಊರು ಸೊನ್ನಲಿಗೆ

ವಚನ ಸಾಹಿತ್ಯದಲ್ಲಿ ಸೊನ್ನಲಿಗೆಯೆಂದು ಹೆಸರಾದ ಇಂದಿನ ಸೊಲ್ಲಾಪುರವು ಶಿವಯೋಗಿ ಶ್ರೀ ಸಿದ್ಧರಾಮೇಶ್ವರರ ಜನ್ಮಭೂಮಿ, ಕರ್ಮಭೂಮಿ ಹಾಗೂ ಸಮಾಧಿ ಕ್ಷೇತ್ರವಾಗಿದೆ. ಕೋಟೆಯ ಮಗ್ಗುಲಿಗೆ ವಿಶಾಲವಾದ ಕೆರೆ, ಕೆರೆಯ ನಡುವೆ ದೇವಾಲಯ, ದೇವಾಲಯದ ಆವರಣದಲ್ಲಿ ಶಿವಯೋಗಿಗಳ ಗದ್ದುಗೆ. ಪ್ರತಿವರ್ಷ ಮಕರ ಸಂಕ್ರಾಂತಿಗೆ ಇಲ್ಲಿ ಜರುಗುವ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಸಮ್ಮತಿ ಕಟ್ಟೆಗೆ ಬಂದು ನಿಲ್ಲುತ್ತವೆ. ಕನ್ನಡದ ಸಮ್ಮತಿಯನ್ನು ಓದುತ್ತಿದ್ದಂತೆ ಲಕ್ಷಾಂತರ ಕೈಗಳು ಅಕ್ಷತೆ ಎರಚುತ್ತವೆ. ಆ ಕೈಗಳಲ್ಲಿ ಕನ್ನಡ ಮಾತಾಡುವವರದು ಒಂದು ಪಾಲು ಮಾತ್ರ. ಮರಾಠಿ, ತೆಲುಗು, ಉರ್ದು, ಮಾರವಾಡಿ, ಗುಜರಾತಿ ಆಡುವ ಮನೆಗಳವರೂ ಅಲ್ಲಿರುತ್ತಾರೆ. ಸಮ್ಮತಿಯ ಅರ್ಥ ಎಲ್ಲರಿಗೂ ತಿಳಿಯುತ್ತದೆಯೆಂದು ಹೇಳಲಾಗದು. ಆದರೆ ಅಕ್ಷತೆ ಎಸೆಯಬೇಕಾದ ಕ್ಷಣ ಯಾವುದೆಂಬುದು ಎಳೆಯ ಮಗುವಿಗೂ ಗೊತ್ತು.

ಇಷ್ಟು ಬಗೆಯ ಜನ ಒಂದು ಕೆರೆಯ ಸುತ್ತ ಹೇಗೆ ಕೂಡಿದರು? ಕ್ಷೇತ್ರದ ಮಹಿಮೆ ಹೇಳುವಾಗ ಪವಾಡಗಳನ್ನು ಮುಂದಿಡುವುದು ರೂಢಿ. ಸೊನ್ನಲಿಗೆಯ ಮಟ್ಟಿಗೆ, ಹೊರಗಿನಿಂದ ಬಂದವನನ್ನು ಈ ಊರು ಹೇಗೆ ಕಂಡಿತೆಂಬ ಕಥೆ ಯಾವ ಪವಾಡಕ್ಕೂ ಕಡಿಮೆಯದಲ್ಲ. ಅದರಲ್ಲಿ ಹೆಮ್ಮೆಪಡುವ ಪುಟಗಳಿವೆ, ತಲೆತಗ್ಗಿಸುವ ಪುಟಗಳೂ ಇವೆ.

ಹರಿಹರನ ಸೋದರಳಿಯನಾದ ರಾಘವಾಂಕ ಕವಿಯ ‘ಸಿದ್ಧರಾಮ ಚಾರಿತ್ರ’ವು ಹನ್ನೆರಡನೆಯ ಶತಮಾನದ ಶಿವಯೋಗಿಗಳ ಬಾಲ್ಯವನ್ನು ವಿಸ್ತಾರವಾಗಿ ವರ್ಣಿಸಿದೆ. ಮುದ್ದುಗೌಡ ಮತ್ತು ಸುಗ್ಗಲಾದೇವಿಯರ ಮಗ ಮಿತಭಾಷಿ. ನೋಡಿದವರಿಗೆ ಜಡನಂತೆ ತೋರುವ ಹುಡುಗ. ಒಂದು ದಿನ ಹೊಲ ಕಾಯುತ್ತಿದ್ದಾಗ ಗುರುತು ಪರಿಚಯವಿಲ್ಲದ ಜಂಗಮನೊಬ್ಬ ಬಂದು ಹಸಿವೆಂದ. ಬಾಲಕ ಎಳೆಯ ತೆನೆಗಳನ್ನು ಸುಟ್ಟು ತಿಕ್ಕಿ ಕೊಟ್ಟ. ತಿಂದವನಿಗೆ ಒಡಲುರಿಯೆದ್ದು, ತಂಪಿಗೆ ಏನಾದರೂ ಬೇಕೆಂದ. ಅವನು ಕೇಳಿದ್ದು ಮೊಸರನ್ನವೆಂದು ಕೆಲವರು, ಮಜ್ಜಿಗೆಯ ಅಂಬಲಿಯೆಂದು ಕೆಲವರು ಹೇಳುತ್ತಾರೆ; ಅವರವರ ಮನೆಯ ಅಡುಗೆಯಂತೆ ಕಥೆಯೂ ಬದಲಾಗಿದೆ. ಹುಡುಗ ಮನೆಗೆ ಓಡಿ, ತಾಯಿಯಿಂದ ಅದನ್ನು ಪಡೆದು ತಿರುಗಿ ಬರುವಷ್ಟರಲ್ಲಿ ಜಂಗಮ ಮಾಯವಾಗಿದ್ದ. ತನ್ನ ಹೆಸರು ಮಲ್ಲಯ್ಯ, ತನ್ನ ಊರು ಶ್ರೀಶೈಲ ಎಂದಷ್ಟೇ ಅವನು ಹೇಳಿದ್ದ.

ಈ ಪ್ರಸಂಗದಲ್ಲಿ ಬಾಲಕನು ಬಂದವನ ಕುಲ ಗೋತ್ರ ಕೇಳಲಿಲ್ಲವೆಂಬುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಅತಿಥಿ ಎರಡನೆಯ ಬಾರಿ ಕೇಳಿದಾಗಲೂ ಹುಡುಗ ಬೇಸರಪಡಲಿಲ್ಲ. ಮೊದಲ ಸಲ ಕೊಡುವುದು ಯಾರಿಗಾದರೂ ಸಾಧ್ಯ. ತಾನು ಕೊಟ್ಟದ್ದರಿಂದಲೇ ಬಂದವನಿಗೆ ಒಡಲುರಿಯಾಯಿತೆಂದು ತಿಳಿದು ಮತ್ತೆ ಮನೆಗೆ ಓಡುವುದು ಹಾಗಲ್ಲ.

ಮಲ್ಲಯ್ಯಾ ಎಂದು ಅಳುತ್ತ ನಿಂತ ಹುಡುಗನಿಗೆ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಗುಂಪೊಂದು ಕಂಡಿತು. ಯಾರ ಮಗನೆಂದು ಅರಿಯದ ಅವನನ್ನು ಅವರು ಜೊತೆಗೆ ಕರೆದೊಯ್ದರು. ಗುಡಿಯಲ್ಲಿ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯ ಎಂದಾಗ ಹುಡುಗ ಒಪ್ಪಲಿಲ್ಲ. ತಾನು ಉಣ್ಣಿಸಿದ ಮನುಷ್ಯ ಬೇಕೆಂದು ಬೆಟ್ಟದಲ್ಲೆಲ್ಲ ಹುಡುಕಿ, ಕಾಣದೆ ಕಮರಿಗೆ ಹಾರಲು ನಿಂತಾಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ತಡೆದನು. ಸೊನ್ನಲಿಗೆಗೆ ಹಿಂದಿರುಗಿ ಅದನ್ನೇ ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆಯಾಯಿತು. ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬುದೇ ಮುಂದೆ ಶಿವಯೋಗಿಗಳ ವಚನಗಳ ಅಂಕಿತವಾಯಿತು.

ಊರಿಗೆ ಮರಳಿದ ಸಿದ್ಧರಾಮರು ಗುಡಿ ಕಟ್ಟಿದರು, ಲಿಂಗಗಳನ್ನು ಸ್ಥಾಪಿಸಿದರು. ಸೊಲ್ಲಾಪುರದ ಅರವತ್ತೆಂಟು ಲಿಂಗಗಳಿಗೆ ಜಾತ್ರೆಯ ಆರಂಭದಲ್ಲಿ ಇಂದಿಗೂ ತೈಲಾಭಿಷೇಕ ನಡೆಯುತ್ತದೆ. ಆದರೆ ಅವರ ಕೈಗಳ ಬಹುಪಾಲು ದುಡಿಮೆ ಮಣ್ಣಿನಲ್ಲಾಯಿತು. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಕೆರೆಯೆಂದರೆ ಪ್ರಾಣ. ಕೆರೆ ತೋಡಲು ನಾನಾ ಕಡೆಯಿಂದ ಜನ ಬಂದರು. ಬಂದವರಿಗೆ ಕೆಲಸವಿತ್ತು, ದಾಸೋಹದಲ್ಲಿ ಊಟವಿತ್ತು. ಬಡವರ ಮಕ್ಕಳಿಗೆ ಸಾಮೂಹಿಕ ವಿವಾಹಗಳನ್ನು ಮಾಡಿಸುತ್ತಿದ್ದರೆಂದೂ ಪರಂಪರೆ ಹೇಳುತ್ತದೆ. ಗುದ್ದಲಿ ಹಿಡಿದು ಊರಿಂದ ಊರಿಗೆ ಸುತ್ತುವ ಒಡ್ಡರಿಗೆ ಯಾವ ಊರೂ ತಮ್ಮದಲ್ಲ. ಅವರು ಕಟ್ಟಿದ ಕೆರೆ ತುಂಬುವ ಹೊತ್ತಿಗೆ ಅವರ ಗುಡಾರ ಬೇರೆ ಊರಿನ ಹೊರಗೆ ಬಿದ್ದಿರುತ್ತಿತ್ತು. ಸಿದ್ಧರಾಮರು ಸ್ವತಃ ಮಣ್ಣು ಹೊತ್ತುದರಿಂದಲೇ ಕರ್ನಾಟಕದ ಭೋವಿ ಸಮಾಜವು ಇಂದಿಗೂ ಅವರನ್ನು ಕುಲಗುರುವೆಂದು ಪೂಜಿಸುತ್ತದೆ.

ಇಂತಹ ಊರಿಗೆ ಇನ್ನೊಬ್ಬ ಅಪರಿಚಿತ ಬಂದನು, ಅಲ್ಲಮಪ್ರಭು. ಕೆರೆಯ ಬಳಿ ನಿಂತು, ನಿಮ್ಮ ಒಡ್ಡ ಎಲ್ಲಿ ಎಂದು ಕೇಳಿದನು. ತಮ್ಮ ಗುರುವನ್ನು ಹೀಗೆ ಹೆಸರಿಸಿದ್ದನ್ನು ಕೇಳಿದ ಕೆಲಸಗಾರರು ರೊಚ್ಚಿಗೆದ್ದು ಕಲ್ಲು ಬೀರಿದರು. ಕಲ್ಲುಗಳು ಪ್ರಭುವಿಗೆ ತಾಗಲಿಲ್ಲವೆಂದು ‘ಪ್ರಭುಲಿಂಗಲೀಲೆ’ ಮೊದಲಾದ ಗ್ರಂಥಗಳು ಹೇಳುತ್ತವೆ. ಸಿದ್ಧರಾಮರೂ ಕೋಪಗೊಂಡು ಉರಿಗಣ್ಣು ತೆರೆದರಂತೆ. ಅದರಿಂದಲೂ ಏನೂ ಆಗಲಿಲ್ಲ. ಬಾಲ್ಯದಲ್ಲಿ ಅಪರಿಚಿತನಿಗೆ ಉಣಬಡಿಸಿದ ಊರೇ ಈಗ ಕಲ್ಲು ಕೈಗೆತ್ತಿಕೊಂಡಿತ್ತು. ಒಡ್ಡ ಎಂಬ ಮಾತು ಬೈಗುಳವಾಗಿ ಕೇಳಿಸಿದ್ದು ಒಡ್ಡರ ನಡುವೆಯೇ ಎಂಬುದು ಈ ಕಥೆಯ ಸೂಕ್ಷ್ಮ. ಶತಮಾನಗಳ ತಿರಸ್ಕಾರ ಉಂಡವರಿಗೆ ತಮ್ಮ ಕಸುಬಿನ ಹೆಸರೇ ಚುಚ್ಚುವ ಮುಳ್ಳಾಗಿರುತ್ತದೆ. ಭಕ್ತಿಸಾಹಿತ್ಯವು ಈ ಘಟನೆಯನ್ನು ಮುಚ್ಚಿಡದೆ ಬರೆದಿಟ್ಟಿದೆಯೆಂಬುದು ಅದರ ದೊಡ್ಡತನ.

ಬಳಿಕ ಪ್ರಭು ಸಿದ್ಧರಾಮರನ್ನು ಕಲ್ಯಾಣಕ್ಕೆ ಕರೆದೊಯ್ದನು. ಅಲ್ಲಿ ಹೊಸಬರಾಗುವ ಸರದಿ ಸಿದ್ಧರಾಮರದು. ಇಷ್ಟಲಿಂಗವಿಲ್ಲದ ಯೋಗಿಯನ್ನು ಶರಣರ ನಡುವೆ ಹೇಗೆ ಸೇರಿಸಿಕೊಳ್ಳುವುದೆಂದು ಚೆನ್ನಬಸವಣ್ಣನು ಪ್ರಶ್ನೆ ಎತ್ತಿದುದನ್ನು ‘ಶೂನ್ಯಸಂಪಾದನೆ’ ದೀರ್ಘ ಸಂವಾದವಾಗಿ ನಿರೂಪಿಸುತ್ತದೆ. ಆಗ ಯಾರೂ ಅವರನ್ನು ಹೊರಗೆ ನಿಲ್ಲಿಸಲಿಲ್ಲ. ಅನುಮಾನವನ್ನು ಮುಖಾಮುಖಿ ಹೇಳಿದರು, ಉತ್ತರ ಕೇಳಿದರು, ಕೊನೆಗೆ ಪ್ರಶ್ನೆ ಎತ್ತಿದ ಚೆನ್ನಬಸವಣ್ಣನೇ ದೀಕ್ಷೆ ಕೊಟ್ಟನು. ಹಾಗೆ ಬಂದ ಸಿದ್ಧರಾಮರು ಮುಂದೆ ಶೂನ್ಯಪೀಠದ ಅಧ್ಯಕ್ಷರ ಸಾಲಿಗೆ ಸೇರಿದರು. ಕಲ್ಯಾಣದ ವಿಪ್ಲವದ ತರುವಾಯ ಸೊನ್ನಲಿಗೆಗೆ ಮರಳಿ, ತಾವೇ ತೋಡಿಸಿದ ಕೆರೆಯ ನಡುವೆ ಸಮಾಧಿಸ್ಥರಾದರು.

ಜಾತ್ರೆಯ ಅಕ್ಷತೆಯ ಹಿಂದೆಯೂ ಇಂಥದೇ ಒಂದು ಕಥೆಯಿದೆ. ಕುಂಬಾರರ ಕನ್ಯೆಯೊಬ್ಬಳು ಸಿದ್ಧರಾಮರನ್ನೇ ವರಿಸುವೆನೆಂದು ಹಟ ಹಿಡಿದಳು. ಅವರು ಬ್ರಹ್ಮಚಾರಿ ಶಿವಯೋಗಿ. ಒಪ್ಪುವಂತಿಲ್ಲ, ಅವಳ ಭಕ್ತಿಯನ್ನು ತಳ್ಳಿಹಾಕುವಂತೆಯೂ ಇಲ್ಲ. ತಮ್ಮ ಯೋಗದಂಡವನ್ನು ವರಿಸೆಂದರು. ಇಂದಿಗೂ ಬಾಸಿಂಗ ಕಟ್ಟಿಕೊಂಡ ನಂದಿಕೋಲು ಆ ಯೋಗದಂಡದ ಪ್ರತೀಕವಾಗಿ ಮೆರೆಯುತ್ತದೆ. ಏಳು ಕೋಲುಗಳಲ್ಲಿ ಮೊದಲನೆಯದು ದೇವಸ್ಥಾನದ್ದು, ಎರಡನೆಯದು ದೇಶಮುಖ ಮನೆತನದ್ದು, ಮೂರನೆಯದು ಲಿಂಗಾಯತ ಮಾಳಿ ಸಮಾಜದ್ದು, ನಾಲ್ಕು ಮತ್ತು ಐದನೆಯವು ವಿಶ್ವಬ್ರಾಹ್ಮಣ ಸೋನಾರರವು, ಆರು ಮತ್ತು ಏಳನೆಯವು ಮಾತಂಗ ಸಮಾಜದವು. ಮಾತಂಗರಿಗೆ ಊರಬಾವಿಯ ನೀರು ಮುಟ್ಟಗೊಡದ ಕಾಲದಲ್ಲೂ ಮೆರವಣಿಗೆಯಲ್ಲಿ ಅವರ ಕೋಲಿನ ಮಾನವನ್ನು ಕಸಿಯಲಾಗಲಿಲ್ಲ. ಅವರ ಕೋಲುಗಳು ಸಾಲಿನ ಕೊನೆಗೆ ಬರುತ್ತವೆಂಬುದನ್ನೂ ಕಾಣದೆ ಇರಲಾಗದು. ಆದರೆ ಏಳೂ ಕೂಡದೆ ಅಕ್ಷತೆ ಬೀಳುವುದಿಲ್ಲ. ದಯೆಯಿಂದ ಕೊಟ್ಟದ್ದನ್ನು ನಾಳೆ ಹಿಂತೆಗೆದುಕೊಳ್ಳಬಹುದು. ಮಾನವಾಗಿ ಕೊಟ್ಟದ್ದನ್ನು ತೆಗೆಯುವುದು ಕಷ್ಟ. ಹಿಂದಿನವರು ಇದನ್ನು ಬಲ್ಲವರಾಗಿದ್ದರು.

ಮಧ್ಯಯುಗದ ಶತಮಾನಗಳನ್ನು ದಾಟಿ ಬಂದರೆ, ಊರಿನ ಮುಖವನ್ನೇ ಬದಲಿಸಿದವರು ತೆಲುಗು ನಾಡಿನ ನೇಕಾರರು. ಪದ್ಮಶಾಲಿಗಳು ತೆಲಂಗಾಣದಿಂದ ತಲೆಮಾರುಗಟ್ಟಲೆ ಬರುತ್ತಲೇ ಇದ್ದರು. 1860ರಲ್ಲಿ ರೈಲು ಬಂತು. 1877ರಲ್ಲಿ ಮೊದಲನೆಯ ಬಟ್ಟೆ ಗಿರಣಿ, ಜನ ಮುಂದೆ ‘ಜೂನೀ ಮಿಲ್’ ಎಂದು ಕರೆದದ್ದು, ಆರಂಭವಾಯಿತು. ಅದು 1876ರಿಂದ 78ರ ಘೋರ ಬರಗಾಲದ ಕಾಲ. ಹೊಟ್ಟೆಗಿಲ್ಲದೆ ಹಳ್ಳಿ ಬಿಟ್ಟವರಿಗೆ ಗಿರಣಿಯ ಭೋಂಗಾ ಅನ್ನದ ಕರೆಯಾಗಿ ಕೇಳಿಸಿತು. ನೇಕಾರರು ಮಗ್ಗ ತಂದರು, ಭಾಷೆ ತಂದರು, ತಮ್ಮ ಮಾರ್ಕಂಡೇಯ ಮಹಾಮುನಿಗಳನ್ನೂ ತಂದರು. ಶ್ರಾವಣದ ಹುಣ್ಣಿಮೆಗೆ ಮಾರ್ಕಂಡೇಯರ ರಥ ಎಳೆಯುವ ಜನರೇ ಸಂಕ್ರಾಂತಿಗೆ ಸಿದ್ಧೇಶ್ವರರ ಅಕ್ಷತೆ ಹಿಡಿದು ನಿಲ್ಲುತ್ತಾರೆ. ದೇಶದಾದ್ಯಂತ ಸೊಲ್ಲಾಪುರಕ್ಕೆ ಹೆಸರು ತಂದ ಚಾದರವನ್ನು ಹೆಣೆದವು ಬಹುಮಟ್ಟಿಗೆ ಈ ಹೊರಗಿನಿಂದ ಬಂದ ಕೈಗಳೇ.

ಅದೇ ಊರಿನಲ್ಲಿ ತಂತಿಬೇಲಿಯ ಇನ್ನೊಂದು ಊರಿತ್ತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯಿದೆಯು ಹುಟ್ಟಿನಿಂದಲೇ ಕೆಲವು ಅಲೆಮಾರಿ ಜನರನ್ನು ಕಳ್ಳರೆಂದು ಸಾರಿತು. ಮುಂಬಯಿ ಪ್ರಾಂತದ ಇಂತಹ ದೊಡ್ಡ ಸೆಟ್ಲ್‌ಮೆಂಟುಗಳಲ್ಲಿ ಸೊಲ್ಲಾಪುರದ್ದೂ ಒಂದು. ಒಳಗಿನವರು ಹಾಜರಿ ಕೊಡಬೇಕು, ಅಪ್ಪಣೆ ಇಲ್ಲದೆ ಹೊರಡುವಂತಿಲ್ಲ. ಗಿರಣಿಗಳಿಗೆ ಅವರ ದುಡಿಮೆ ಮಾತ್ರ ಬೇಕು. 1952ರಲ್ಲಿ ಕಾಯಿದೆ ರದ್ದಾದಾಗ ಅವರು ವಿಮುಕ್ತರಾದರು. ಕೆರೆ ತೋಡಲು ಬಂದ ಅಲೆಮಾರಿಗಳಿಗೆ ಗುರುವಾದ ಮಹಾತ್ಮರ ಊರಿನಲ್ಲಿ ಅಲೆಮಾರಿಗಳ ಮಕ್ಕಳು ಬೇಲಿಯೊಳಗೆ ಬೆಳೆದರು. ಬೇಲಿ ಹಾಕಿದ್ದು ಪರಕೀಯ ಸರಕಾರ. ಆದರೆ ಬೇಲಿ ಹೋದ ಮೇಲೂ ‘ಸೆಟ್ಲ್‌ಮೆಂಟಿನವರು’ ಎಂದು ಮೂಗು ಮುರಿದದ್ದಕ್ಕೆ ಬ್ರಿಟಿಷರನ್ನು ದೂರುವಂತಿಲ್ಲ.

ಸ್ವಾತಂತ್ರ್ಯ ಸಂಗ್ರಾಮದಲ್ಲಿ ಈ ಊರಿನ ಇನ್ನೊಂದು ಮುಖ ಕಾಣಿಸಿತು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಗಿರಣಿ ಕಾರ್ಮಿಕರು ಬೀದಿಗಿಳಿದರು. ಮೇ 8ರಂದು ಗೋಲಿಬಾರು, 12ರಂದು ಲಷ್ಕರಿ ಕಾಯಿದೆ. ಆ ಪ್ರಕರಣದಲ್ಲಿ ನಾಲ್ವರಿಗೆ ಮರಣದಂಡನೆಯಾಗಿ, 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಮಲ್ಲಪ್ಪ ಧನಶೆಟ್ಟಿ ಲಿಂಗಾಯತ ಮನೆತನದವರು. ಕುರ್ಬಾನ್ ಹುಸೇನ್ ಮುಸಲ್ಮಾನರು. ಶ್ರೀಕಿಸನ್ ಸಾರಡಾ ಮಾರವಾಡಿಗಳು. ಜಗನ್ನಾಥ ಶಿಂದೆ ಮರಾಠಿ ಭಾಷಿಕರು. ಸಂಕ್ರಾಂತಿಯ ಹೊಸ್ತಿಲಲ್ಲಿ ಊರಿಗೆ ಬಂದ ಆ ಸುದ್ದಿಗೆ ಯಾರ ಮನೆಯವರು ಹೊರಗಿನವರೆಂದು ಬೇರ್ಪಡಿಸುವ ಗೊಡವೆಯಿರಲಿಲ್ಲ. ನಾಲ್ವರನ್ನೂ ಸೊಲ್ಲಾಪುರದ ಹುತಾತ್ಮರೆಂದೇ ಕರೆಯಲಾಯಿತು. ಜಾತ್ರೆಗೆ ಬರುವ ಭಕ್ತರು ನಗರದಲ್ಲಿರುವ ಅವರ ಪ್ರತಿಮೆಗಳ ಮುಂದೆ ಹಾದುಹೋಗುವಾಗ ಕ್ಷಣ ನಿಲ್ಲುವುದು ಉಚಿತ.

ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನೇಕಾರರ ಮನೆಗಳ ಎಷ್ಟೋ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದರು. ನಗರದ ಮಗ್ಗುಲಿನ ಕುಂಭಾರಿಯಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ ಕಟ್ಟಿದ ರೇ ನಗರದ 15,000 ಮನೆಗಳನ್ನು 2024ರ ಜನವರಿ 19ರಂದು, ಆ ವರ್ಷದ ಜಾತ್ರೆಯ ಬೆನ್ನಿಗೇ, ಒಪ್ಪಿಸಲಾಯಿತು. ಬೀಡಿ ಕಟ್ಟುವವರು, ಮಗ್ಗದವರು, ಚಿಂದಿ ಆಯುವವರು, ಬೀದಿ ವ್ಯಾಪಾರಿಗಳು ಅಲ್ಲಿ ಒಕ್ಕಲಾದರು. ಕನ್ನಡದ ಹಳ್ಳಿಗಳು ಹಬ್ಬಿರುವ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಈಗ ಹೊಸಬರ ಊರೊಂದು ಎದ್ದಿದೆ.

ಜಾತ್ರೆಯ ಮೂರನೆಯ ದಿನ ಹೋಮ, ಮರುದಿನ ಮದ್ದು ಸುಡುವುದು, ಕೊನೆಗೆ ಕಪ್ಪಡಕಳ್ಳಿ. ನಂದಿಕೋಲುಗಳ ಬಾಸಿಂಗ ಬಿಚ್ಚಿದ ಮೇಲೂ ಹೋಂ ಮೈದಾನದ ಅಂಗಡಿಗಳು ಹಲವು ದಿನ ಏಳುವುದಿಲ್ಲ. ಪರಊರುಗಳಿಂದ ಬಂದ ತೊಟ್ಟಿಲಿನವರು, ಬಳೆಗಾರರು, ಮಿಠಾಯಿಯವರು ಕೆರೆಯ ದಂಡೆಯಲ್ಲೇ ಒಲೆ ಹೂಡಿ ಉಳಿದಿರುತ್ತಾರೆ.