ಕಲಿತಷ್ಟೂ ಬೆಲೆ ಏರುತ್ತಾ, ಇಳಿಯುತ್ತಾ? ಒಂದು ಆಟದ ಲೆಕ್ಕದ ಇತಿಹಾಸ

(1/5)
ರಾತ್ರಿ ಒಂದು ಗಂಟೆ. ಬೆಳಗ್ಗೆ ಬೇಗ ಏಳಬೇಕು. ಆದ್ರೂ "ಇನ್ನೊಂದೇ ಟರ್ನ್" ಅಂತ ಕೂತಿದ್ದೀರಿ. ಯಾಕಂದ್ರೆ ಪರದೆಯ ಮೂಲೆಯಲ್ಲಿ ಒಂದು ಸಾಲು ಕಾಣ್ತಿದೆ: ಈ ಸಂಶೋಧನೆ ಮುಗಿಯಲು ಇನ್ನು 4 ಟರ್ನ್.

ಸಿವಿಲೈಸೇಷನ್ ಆಡಿದವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಆಡದವರಿಗೆ ಎರಡು ಮಾತು. ಕ್ರಿ.ಪೂ. 4000ದಲ್ಲಿ ಒಂದು ಊರು ಕಟ್ಟೋದ್ರಿಂದ ಆಟ ಶುರು. ಕುಂಬಾರಿಕೆ, ಅಕ್ಷರಮಾಲೆ, ಚಕ್ರ ಅಂತ ಒಂದೊಂದೇ ವಿದ್ಯೆ ಕಲೀತಾ ಕೊನೆಗೆ ಬಾಹ್ಯಾಕಾಶ ನೌಕೆ ಹಾರಿಸುವವರೆಗೂ ಹೋಗಬಹುದು. ಪ್ರತಿ ವಿದ್ಯೆಗೂ ಒಂದು ಬೆಲೆ. ಅದನ್ನು ದುಡ್ಡಲ್ಲಿ ಕೊಡೋದಲ್ಲ, ನಿಮ್ಮ ಊರುಗಳು ಪ್ರತಿ ಟರ್ನ್‌ಗೆ ಹುಟ್ಟಿಸುವ ಸಂಶೋಧನೆಯ ಅಂಕದಲ್ಲಿ ಕೊಡಬೇಕು. ಮೊದಲ ಆಟದಲ್ಲಿ ಈ ಅಂಕಕ್ಕೆ ದೀಪದ ಬಲ್ಬ್‌ನ ಚಿತ್ರ ಇತ್ತು. ಹಾಗಾಗಿ ಆಡುವವರ ಬಾಯಲ್ಲಿ ಇವತ್ತಿಗೂ ಅದು "ಬಲ್ಬ್".

ಈಗ ಪ್ರಶ್ನೆ. ಮುಂದಿನ ವಿದ್ಯೆಯ ಬೆಲೆ ಎಷ್ಟಿರಬೇಕು? ಹಿಂದಿನದಕ್ಕಿಂತ ಜಾಸ್ತಿಯಾ, ಕಡಿಮೆಯಾ? ಜಾಸ್ತಿ ಅಂದ್ರೆ ಎಷ್ಟು ಜಾಸ್ತಿ?

ಇದು ಬರೀ ಗಣಿತ ಅನ್ಕೋಬೇಡಿ. ಮನುಷ್ಯರ ಜ್ಞಾನ ಹೇಗೆ ಬೆಳೆಯುತ್ತೆ ಅನ್ನೋದಕ್ಕೆ ಆಟ ಮಾಡಿದವರು ಕೊಟ್ಟ ಉತ್ತರ ಆ ಲೆಕ್ಕದಲ್ಲಿದೆ. ಆ ಉತ್ತರ 40 ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಬನ್ನಿ, ಮೊದಲಿಂದ ನೋಡೋಣ.

(2/5)
ಕಂಪ್ಯೂಟರ್‌ಗಿಂತ ಮೊದಲು ಒಂದು ಬೋರ್ಡ್ ಗೇಮ್ ಇತ್ತು. ಹೆಸರು ಅದೇ, ಸಿವಿಲೈಸೇಷನ್. ಬ್ರಿಟನ್ನಿನ ಫ್ರಾನ್ಸಿಸ್ ಟ್ರೆಶಮ್ ರೂಪಿಸಿದ್ದು, 1980ರಲ್ಲಿ ಬಂತು. ಮರು ವರ್ಷ ಅಮೆರಿಕದಲ್ಲಿ ಏವಲಾನ್ ಹಿಲ್ ಕಂಪನಿ ಅದನ್ನು ಪ್ರಕಟಿಸಿತು.

ಅಲ್ಲಿ ವಿದ್ಯೆಗಳೆಲ್ಲ ಕಾರ್ಡುಗಳು. ಅವನ್ನು ಕೊಳ್ಳೋದು ವ್ಯಾಪಾರದ ಸರಕು ಕೊಟ್ಟು. ಲೆಕ್ಕ ನೋಡಿ, ಮಜಾ ಇದೆ. ಒಂದೇ ಬಗೆಯ ಸರಕು ಎಷ್ಟು ಕೂಡಿಸ್ತೀರೋ ಆ ಸಂಖ್ಯೆಯ ವರ್ಗವನ್ನು ಸರಕಿನ ಮೂಲ ಬೆಲೆಯಿಂದ ಗುಣಿಸಬೇಕು. ಉಪ್ಪಿನ ಮೂಲ ಬೆಲೆ 3. ಒಂದು ಉಪ್ಪಿನ ಕಾರ್ಡಿಗೆ 3, ಎರಡಿಗೆ 12, ಮೂರಕ್ಕೆ 27, ನಾಲ್ಕಕ್ಕೆ 48. ಹಾಗಾಗಿ ಎದುರಾಳಿ ಜೊತೆ ಮಾತಾಡಿ, ಬದಲಾಯಿಸಿಕೊಂಡು, ಒಂದೇ ಸರಕು ಗುಡ್ಡೆ ಹಾಕಿದವರೇ ಶ್ರೀಮಂತರು.

ವಿದ್ಯೆಯ ಬೆಲೆ? ಅದು ಕಾರ್ಡಿನ ಮೇಲೇ ಅಚ್ಚಾಗಿರುತ್ತೆ, ಏರಲ್ಲ. ಅಷ್ಟೇ ಅಲ್ಲ, ನಿಮ್ಮ ಕೈಯಲ್ಲಿ ಆಗಲೇ ಇರುವ ವಿದ್ಯೆಗಳು ಸಂಬಂಧಪಟ್ಟ ಬೇರೆ ವಿದ್ಯೆಗಳ ಮೇಲೆ ರಿಯಾಯಿತಿ ಕೊಡ್ತವೆ.

ಅಂದ್ರೆ ಟ್ರೆಶಮ್ ಅವರ ಉತ್ತರ ಇದು: ಒಂದು ಕಲಿತವರಿಗೆ ಇನ್ನೊಂದು ಸುಲಭ. ಕಲಿತಷ್ಟೂ ಅಗ್ಗ.

(3/5)
1991. ಮೈಕ್ರೊಪ್ರೋಸ್ ಕಂಪನಿಯಿಂದ ಕಂಪ್ಯೂಟರ್ ಆಟ ಬಂತು. ರೂಪಿಸಿದವರು ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ. ಶೆಲ್ಲಿ ಅದಕ್ಕೂ ಮುಂಚೆ ಕೆಲಸ ಮಾಡಿದ್ದು ಎಲ್ಲಿ ಗೊತ್ತಾ? ಅದೇ ಏವಲಾನ್ ಹಿಲ್‌ನಲ್ಲಿ. ಆದ್ರೆ ಬೆಲೆಯ ಲೆಕ್ಕ ಇಲ್ಲಿ ಪೂರ್ತಿ ಉಲ್ಟಾ ಆಯ್ತು: ಕಲಿತಷ್ಟೂ ದುಬಾರಿ.

1996ರ ಎರಡನೇ ಆಟದಲ್ಲಿ ಆಟಗಾರರಿಗೆ ಒಂದು ಬಾಗಿಲು ತೆರೆದುಕೊಂಡಿತು. ಆಟದ ನಿಯಮಗಳೆಲ್ಲ ಒಂದು ಸಾದಾ ಪಠ್ಯ ಕಡತದಲ್ಲಿದ್ದವು. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದಿತ್ತು. ಅದರೊಳಗಿನ ಒಂದು ಸಾಲಿನ ಹೆಸರು "ಟೆಕ್ ಪ್ಯಾರಡೈಮ್", ಅಂಕಿ 10. ಪಕ್ಕದಲ್ಲೇ ಟಿಪ್ಪಣಿ: ಅಂಕಿ ಏರಿಸಿದ್ರೆ ಸಂಶೋಧನೆ ನಿಧಾನ ಆಗುತ್ತೆ. ಒಂದು ನಾಗರಿಕತೆಯ ವೇಗವನ್ನೇ ಬದಲಿಸುವ ತಿರುಗಣಿ, ಒಂದೇ ಸಾಲಿನಲ್ಲಿ!

ಇನ್ನೂ ಬಿಚ್ಚಿ ನೋಡಬೇಕಾ? ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರಲ್ಲಿ ಫ್ರೀಸಿವ್ ಅನ್ನೋ ಮುಕ್ತ ತಂತ್ರಾಂಶದ ಆಟ ಶುರು ಮಾಡಿದ್ರು. ಅದರಲ್ಲಿ ಸೂತ್ರಗಳೆಲ್ಲ ಬಹಿರಂಗ. ಎರಡನ್ನು ನೋಡಿ.

ಮೊದಲನೆಯದು ಹಳೇ ಸಿವಿಲೈಸೇಷನ್ ಶೈಲಿ. ಪ್ರತಿ ಹೊಸ ವಿದ್ಯೆ ಮುಂದಿನದರ ಬೆಲೆಗೆ ಒಂದು ಮೂಲಾಂಕ ಕೂಡಿಸುತ್ತೆ. ಮೂಲಾಂಕ 20 ಅಂತಿಟ್ಟುಕೊಳ್ಳಿ. ಬೆಲೆ 20, 40, 60, 80... ಹತ್ತನೆಯದು 200, ಎಂಬತ್ತನೆಯದು 1600.

ಎರಡನೆಯದರ ಹೆಸರು ಕ್ಲಾಸಿಕ್. ಒಂದು ವಿದ್ಯೆಗೆ ಬೇರು ಸಮೇತ ಎಷ್ಟು ವಿದ್ಯೆ ಬೇಕು ಅಂತ ಎಣಿಸಿ, ಒಂದು ಕೂಡಿಸಿ. ಆ ಸಂಖ್ಯೆಯನ್ನು ಅದರ ವರ್ಗಮೂಲದಿಂದ ಗುಣಿಸಿ, ಮೂಲಾಂಕದ ಅರ್ಧದಿಂದ ಮತ್ತೆ ಗುಣಿಸಿ. ಸಂಖ್ಯೆ 4 ಆದ್ರೆ ಬೆಲೆ 80. 16 ಆದ್ರೆ 640. 64 ಆದ್ರೆ 5120. ಸಂಖ್ಯೆ ನಾಲ್ಕು ಪಟ್ಟಾದಾಗೆಲ್ಲ ಬೆಲೆ ಎಂಟು ಪಟ್ಟು.

ವ್ಯತ್ಯಾಸ ಬರೀ ಅಂಕಿಯಲ್ಲಿಲ್ಲ. ಮೊದಲ ಸೂತ್ರದಲ್ಲಿ ಬೆಲೆ ಅಂಟಿಕೊಂಡಿರೋದು ಕಲಿಯುವವರಿಗೆ: ನಿಮಗೆ ಎಷ್ಟು ಗೊತ್ತೋ ಅಷ್ಟು ದುಬಾರಿ. ಬೇಡದ ವಿದ್ಯೆ ಕಲಿತರೂ ಬೇಕಾದ ವಿದ್ಯೆಯ ಬೆಲೆ ಏರಿಬಿಡುತ್ತೆ! ಎರಡನೆಯದರಲ್ಲಿ ಬೆಲೆ ಅಂಟಿಕೊಂಡಿರೋದು ವಿದ್ಯೆಗೆ: ಅದರ ಬೇರು ಎಷ್ಟು ಆಳವೋ ಅಷ್ಟು ದುಬಾರಿ.

ನಿಮ್ಮ ಆಟದ ಸೂತ್ರ ಗೊತ್ತಿಲ್ವಾ? ಪೆನ್ನು, ಹಾಳೆ ತಗೊಳ್ಳಿ. ಬೆಲೆಗಳನ್ನು ಸಾಲಾಗಿ ಬರೆದು ಒಂದರಿಂದ ಒಂದನ್ನು ಕಳೀರಿ. ವ್ಯತ್ಯಾಸ ಎಲ್ಲ ಕಡೆ ಒಂದೇ ಇದ್ರೆ ಅದು ಮೊದಲ ಬಗೆ. ವ್ಯತ್ಯಾಸವೂ ಏರ್ತಾ ಹೋದ್ರೆ ಅದು ಎರಡನೆಯದರ ನೆಂಟ.

(4/5)
ಇಲ್ಲಿ ಬಹಳ ಜನ ಎಡವುತ್ತಾರೆ. ಬೆಲೆ ಏರಿತು ಅಂದ್ರೆ ಸಂಶೋಧನೆ ನಿಧಾನ ಆಯ್ತು ಅಂತ ಅರ್ಥ ಅಲ್ಲ. ನೋಡಬೇಕಾದ್ದು ಬೆಲೆಯನ್ನಲ್ಲ, ಟರ್ನ್‌ಗಳನ್ನು. ಬೆಲೆ ಭಾಗಿಸು ಬಲ್ಬ್, ಅಷ್ಟೇ.

ಹತ್ತನೆಯ ವಿದ್ಯೆಗೆ 200 ಬಲ್ಬ್, ನಿಮ್ಮ ಆದಾಯ 10. ಇಪ್ಪತ್ತು ಟರ್ನ್. ಎಂಬತ್ತನೆಯದಕ್ಕೆ 1600, ಆದ್ರೆ ಅಷ್ಟೊತ್ತಿಗೆ ನಿಮ್ಮ ಆದಾಯ 200 ಅಂದ್ಕೊಳ್ಳಿ. ಎಂಟೇ ಟರ್ನ್! ಬೆಲೆ ಎಂಟು ಪಟ್ಟಾಯ್ತು, ಕಾಯುವ ಕಾಲ ಅರ್ಧಕ್ಕೂ ಕೆಳಗೆ ಇಳೀತು. ಅದೇ ಆದಾಯದಲ್ಲಿ ಕ್ಲಾಸಿಕ್ ಸೂತ್ರ ಹಾಕಿ: ಸಂಖ್ಯೆ 81 ಇದ್ದಾಗ ಬೆಲೆ 7290. ಮೂವತ್ತೇಳು ಟರ್ನ್ ಕಾಯಬೇಕು.

ಇದೇ ಇಡೀ ಆಟದ ಗುಟ್ಟು. ಊರು ಹೆಚ್ಚಿದ್ರೆ ಬಲ್ಬ್ ಹೆಚ್ಚು, ಬಲ್ಬ್ ಹೆಚ್ಚಿದ್ರೆ ವಿದ್ಯೆ ಹೆಚ್ಚು, ವಿದ್ಯೆ ಹೆಚ್ಚಿದ್ರೆ ಊರು ಇನ್ನೂ ಹೆಚ್ಚು. ಬಡ್ಡಿಯ ಮೇಲೆ ಬಡ್ಡಿ. ತಡೆ ಇಲ್ಲದೇ ಹೋದ್ರೆ ಮೊದಲ ನೂರು ಟರ್ನ್‌ನಲ್ಲಿ ಮುಂದೆ ಹೋದವರನ್ನು ಆಮೇಲೆ ಯಾರೂ ಹಿಡಿಯಲ್ಲ. ಉಳಿದವರು ಸುಮ್ನೆ ಕೂತು ಸೋಲಬೇಕು. ಏರುವ ಬೆಲೆ ಈ ಓಟಕ್ಕೆ ಹಾಕಿದ ಬ್ರೇಕ್.

ಐದನೇ ಆಟದ 2013ರ ವಿಸ್ತರಣೆ ಬ್ರೇವ್ ನ್ಯೂ ವರ್ಲ್ಡ್ ಇನ್ನೊಂದು ಬ್ರೇಕ್ ತಂತು. ಸಾಧಾರಣ ಗಾತ್ರದ ನಕ್ಷೆಯಲ್ಲಿ ಪ್ರತಿ ಹೊಸ ಊರಿಗೆ ವಿದ್ಯೆಯ ಬೆಲೆ 5% ಏರುತ್ತೆ. ಮೂಲ ಬೆಲೆ 100 ಇದ್ದದ್ದು ನಿಮಗೀಗ 115 ಆಗಿದೆ ಅನ್ನಿ. ಇನ್ನೊಂದು ಊರು ಕಟ್ಟಿದ್ರೆ 120. ಅಂದ್ರೆ ಆ ಊರು ನಿಮ್ಮ ಒಟ್ಟು ಬಲ್ಬನ್ನು ಸುಮಾರು 4.3% ಆದ್ರೂ ಏರಿಸಬೇಕು. ಇಲ್ಲಾಂದ್ರೆ ಊರು ಬಂತು, ಸಂಶೋಧನೆ ಹಿಂದೆ ಬಿತ್ತು! ಸಾಮ್ರಾಜ್ಯ ದೊಡ್ಡದಾದ ಮಾತ್ರಕ್ಕೆ ಜಾಣ ಆಗಲ್ಲ ಅನ್ನೋದು ಈ ಸಲದ ಉತ್ತರ.

(5/5)
ಹಾಗಾದ್ರೆ ನಿಜವಾದ ಇತಿಹಾಸ ಯಾರ ಕಡೆ? ಟ್ರೆಶಮ್ ಕಡೆಯಾ, ಮೈಯರ್ ಕಡೆಯಾ?

2020ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು ಇದನ್ನೇ ಅಳೆದು ಪ್ರಕಟಿಸಿದ್ರು. ಕಂಪ್ಯೂಟರ್ ಚಿಪ್ ಮೇಲಿನ ಟ್ರಾನ್ಸಿಸ್ಟರ್‌ಗಳು ಸುಮಾರು ಎರಡು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಾ ಬಂದಿವೆಯಲ್ಲ, ಆ ಓಟ ಉಳಿಸಿಕೊಳ್ಳೋಕೆ 1970ರ ದಶಕದ ಆರಂಭಕ್ಕಿಂತ 18 ಪಟ್ಟಿಗೂ ಹೆಚ್ಚು ಸಂಶೋಧಕರು ಬೇಕಾದ್ರು. ಮೇಲಿಂದ ನೋಡಿದ್ರೆ ಅದೇ ವೇಗ, ಒಳಗೆ ಬೆಲೆ 18 ಪಟ್ಟು. ಮೈಯರ್ ಲೆಕ್ಕ ಸರಿ ಅನ್ಸುತ್ತೆ, ಅಲ್ವಾ?

ಆದ್ರೆ ಅದು ಮುಂಚೂಣಿಯಲ್ಲಿರುವವರ ಕಥೆ. ಹಿಂದೆ ಬರುವವರಿಗೆ? 1955ರಲ್ಲಿ ಕೋಲ್ಕತ್ತಾದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬ್ರಿಟನ್ನಿನಿಂದ ಒಂದು ಕಂಪ್ಯೂಟರ್ ತರಿಸಿತು. ಕಂಪ್ಯೂಟರನ್ನು ಮೊದಲಿಂದ ಕಂಡುಹಿಡಿಯುವ ಬೆಲೆ ಅಲ್ಲಿನವರು ಕೊಡಬೇಕಾಗಿರಲಿಲ್ಲ. ಬಳಸೋದು ಕಲಿಯುವ ಬೆಲೆ ಕೊಟ್ಟರು. ಫ್ರೀಸಿವ್‌ನಲ್ಲಿ ಇದಕ್ಕೂ ಒಂದು ನಿಯಮ ಇದೆ, "ಸೋರಿಕೆ" ಅಂತ. ನೀವು ರಾಯಭಾರ ಕಚೇರಿ ಇಟ್ಟಿರುವ ದೇಶಗಳಿಗೆ ಆ ವಿದ್ಯೆ ಗೊತ್ತಿದ್ರೆ ನಿಮಗೆ ಬೆಲೆ ಇಳಿಯುತ್ತೆ. ಬಾಗಿಲು ಮುಚ್ಚಿಕೊಂಡು ಕೂತವರಿಗೆ ಈ ರಿಯಾಯಿತಿ ಇಲ್ಲ.

2016ರ ಆರನೇ ಆಟದಲ್ಲಿ ರಿಯಾಯಿತಿ ಇನ್ನೊಂದು ರೂಪದಲ್ಲಿ ವಾಪಸ್ ಬಂತು. ಹೆಸರು "ಯುರೇಕಾ". ಸಮುದ್ರ ತೀರದಲ್ಲಿ ಊರು ಕಟ್ಟಿ, ನೌಕಾಯಾನ ಅಗ್ಗ. ಕಲ್ಲುಕ್ವಾರಿ ಮಾಡಿ, ಕಲ್ಲುಕಟ್ಟಡದ ವಿದ್ಯೆ ಅಗ್ಗ. ಮೊದಮೊದಲು ಬೆಲೆಯಲ್ಲಿ ಅರ್ಧ ಬಿಡ್ತಿದ್ರು, ಆಮೇಲೆ 40% ಮಾಡಿದ್ರು. ಕೈಯಾರೆ ಮಾಡಿದವರು ಬೇಗ ಕಲೀತಾರೆ ಅನ್ನೋ ಮಾತು, ಅಷ್ಟೇ.

ಹಾಗಾಗಿ ಎರಡೂ ಉತ್ತರ ನಿಜ. ಯಾರೂ ಹೋಗದ ಕಡೆ ಒಂದು ಹೆಜ್ಜೆ ಇಡೋದು ದಿನೇದಿನೇ ದುಬಾರಿ. ಒಬ್ಬರು ಹೋಗಿ ಬಂದ ದಾರಿಯಲ್ಲಿ ನಡೆಯೋದು ಅಗ್ಗ, ಆದ್ರೆ ಅವರ ಜೊತೆ ಮಾತುಕತೆ ಇರಬೇಕು, ನಾವೂ ಕೈ ಕೆಸರು ಮಾಡಿಕೊಳ್ಳಬೇಕು. ಯಾವುದಾದರೂ ದೇಶ "ಸಂಶೋಧನೆಗೆ ಇಷ್ಟು ದುಡ್ಡು ಯಾಕೆ?" ಅಂತ ಕೇಳಿದಾಗ, ಅದು ಯಾವ ಬೆಲೆಯ ಬಗ್ಗೆ ಕೇಳ್ತಿದೆ ಅಂತ ಮೊದಲು ನೋಡಿ. ಮುಂಚೂಣಿಯ ಬೆಲೆಯಾ, ಹಿಂಬಾಲಿಸುವ ಬೆಲೆಯಾ?

ಇವತ್ತು ರಾತ್ರಿ ಮತ್ತೆ ಆಡೋಕೆ ಕೂತ್ರೆ ಆ ಮೂಲೆಯ ಅಂಕಿಯನ್ನು ಒಮ್ಮೆ ಗಮನಿಸಿ. 4 ಟರ್ನ್ ಅಂತಿದ್ರೆ ಬೆಲೆ ಎಷ್ಟು, ನಿಮ್ಮ ಬಲ್ಬ್ ಎಷ್ಟು ಅಂತ ಬರೆದಿಟ್ಟುಕೊಳ್ಳಿ.

ನಿಮ್ಮ ಆಟ ಯಾವುದು, ಅದರ ಲೆಕ್ಕ ಯಾವ ಬಗೆಯದು? ಕಾಮೆಂಟ್‌ನಲ್ಲಿ ಹೇಳಿ. ಮೊದಲ ನಾಲ್ಕು ಭಾಗ ಓದಿಲ್ಲ ಅಂದ್ರೆ ಪ್ರೊಫೈಲ್‌ಗೆ ಹೋಗಿ ನೋಡಿ. ಸೇವ್ ಮಾಡಿಕೊಳ್ಳಿ, ಪೆನ್ನು ಹಾಳೆ ಹಿಡಿದು ಕೂತಾಗ ಬೇಕಾಗುತ್ತೆ.

#ಆಟದೊಳಗಿನಇತಿಹಾಸ #ಸಿವಿಲೈಸೇಷನ್ #ಲೆಕ್ಕದಕಥೆ #ಕನ್ನಡದಲ್ಲಿಓದಿ